ಅಂದವಾಗಿ ಕಟ್ಟಿದ ತಂತಿಗಳು

ಲಾಜರೋ ಬೆಟೆನ್‌ಕೋರ್ಟನ ಹೆಸರು ದೆಯೊಲಿಂಡಾಳ ಕಿವಿಗೆ ಮೊದಲು ಬಿದ್ದದ್ದು ಒಂದು ಭಾನುವಾರ, ಸಾಂತಾ ಕ್ಲಾರಾದ ಚರ್ಚಿನ ಅಂಗಳದಲ್ಲಿ. ಎಂಬತ್ಮೂರನೇ ಇಸವಿ, ಕಡಲಾಚೆಯಿಂದ ವಲಸೆ ಬಂದ ನಮ್ಮವರ ಹಾಲಿನ ಡೈರಿಗಳು ಆಗಿನ್ನೂ ಒಂದೆರಡು ಉಳಿದಿದ್ದವು. ಡೈರಿಯವರ ಮಗ ಲಾಜರೋ ಹಸು ಕರೆಯುವುದು ಬಿಟ್ಟು ಕಂಪ್ಯೂಟರಿಗೆ ಚಿಪ್ಪು ಮಾಡುತ್ತಾನಂತೆ, ಕೈ ನಡುಗದ ಹೆಂಗಸೊಬ್ಬಳು ಬೇಕಂತೆ ಎಂದು ನೆರೆಯ ಇಲ್ದಾ ಹೇಳಿದಳು. ದೆಯೊಲಿಂಡಾಳ ಗಂಡ ತೀರಿಕೊಂಡು ವರ್ಷವಾಗಿತ್ತು. ನಾಲ್ಕನೇ ತರಗತಿ ದಾಟದಿದ್ದರೂ ಲೇಸು ಹೆಣೆಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಮರುದಿನವೇ ಹೋದಳು.

ಅಪ್ಪನ ರಬ್ಬರ್ ಬೂಟು ತೊಟ್ಟೇ ಓಡಾಡುತ್ತಿದ್ದ ಆ ಹುಡುಗ ಸಿಹಿ ಬ್ರೆಡ್ಡಿನ ತುಂಡುಗಳನ್ನಿಟ್ಟು ಕೆಲಸ ವಿವರಿಸಿದ. ಮೆಮೊರಿಯ ಒಂದು ಮೂಲೆಯಲ್ಲಿರುವ ಚಿತ್ರವನ್ನು ಇನ್ನೊಂದು ಮೂಲೆಗೆ ಸಾಗಿಸಬೇಕು. ಮುಖ್ಯ ಚಿಪ್ಪು ಒಂದೊಂದೇ ತುಂಡು ಹೊತ್ತು ಸುಸ್ತಾಗುತ್ತದೆ. ಸಾಗಿಸುವುದಕ್ಕೆಂದೇ ಬೇರೆ ಚಿಪ್ಪಿದ್ದರೆ ಅದು ತಟ್ಟೆಗಟ್ಟಲೆ ಎತ್ತಿಡುತ್ತದೆ, ಮುಖ್ಯದ್ದು ತನ್ನ ಕೆಲಸ ನೋಡಿಕೊಳ್ಳುತ್ತದೆ. ಆದರೆ ಅದಕ್ಕೆ ಮೊದಲು ಮಾದರಿ ಬೇಕು: ಹಲಗೆಯ ಮೇಲೆ ಸಣ್ಣ ಚಿಪ್ಪುಗಳನ್ನು ಕೂರಿಸಿ, ಹಿಂಬದಿಯ ಪಿನ್ನುಗಳಿಗೆ ಎಳೆಯಂಥ ತಂತಿ ಸುತ್ತಬೇಕು. ಬಂಡವಾಳ ಹಾಕುವವರು ಮುಂದಿನ ವಾರದ ಗುರುವಾರ ನೋಡಲು ಬರುವವರಿದ್ದರು. ಚಿತ್ರ ಸರಿಯಾಗಿ ಸಾಗದಿದ್ದರೆ ಅವನ ಎರಡು ವರ್ಷದ ದುಡಿಮೆ ಅಲ್ಲಿಗೇ ಮುಗಿಯಿತು.

ದೆಯೊಲಿಂಡಾ ಸಾವಿರದಿನ್ನೂರು ತಂತಿ ಸುತ್ತಿದಳು. ಅಡ್ಡಾದಿಡ್ಡಿ ಬಿಟ್ಟರೆ ನೋಡಿದವರು ನಗುತ್ತಾರೆಂದು ಎಲ್ಲವನ್ನೂ ಸಾಲಾಗಿ ಎಳೆದು, ಜಡೆಯಂತೆ ಸೇರಿಸಿ, ದಾರ ಕಟ್ಟಿದಳು. ಆ ವಾರದ ಮಂಗಳವಾರ ಕರೆಂಟು ಕೊಟ್ಟಾಗ, ಪರೀಕ್ಷೆಗೆಂದು ಲಾಜರೋ ಹಾಕಿದ್ದ ಚಿತ್ರದ ಹಸು ಪರದೆಯ ಮೇಲೆ ಎಡದಿಂದ ಬಲಕ್ಕೆ ಹೋಯಿತು, ಆದರೆ ಮೈತುಂಬ ಸಿಡುಬು ಎದ್ದಂತೆ ಚುಕ್ಕೆಗಳು.

ಬುಧವಾರ ಮಧ್ಯಾಹ್ನದವರೆಗೆ ಇಬ್ಬರೂ ಪಟ್ಟಿ ಹಿಡಿದು ಪ್ರತಿಯೊಂದು ತಂತಿಯನ್ನೂ ನೋಡಿದರು. ಒಂದೂ ತಪ್ಪಿರಲಿಲ್ಲ. ಕೊನೆಗೆ ಲಾಜರೋ ಹಲಗೆಯ ಬೆನ್ನನ್ನು ದಿಟ್ಟಿಸುತ್ತ ನಗತೊಡಗಿದ.

“ಚಿಕ್ಕಮ್ಮ, ಇಷ್ಟು ಚೆಂದ ಮಾಡಿ ಅಂತ ಯಾರು ಹೇಳಿದ್ರು? ಒತ್ತೊತ್ತಾಗಿ ಮಲಗಿರೋ ತಂತಿ ಒಂದರ ಮಾತು ಇನ್ನೊಂದಕ್ಕೆ ದಾಟಿಸ್ತಿದೆ, ಚರ್ಚ್ ಅಂಗಳದ ಹೆಂಗಸರ ಥರ.”

“ಅವರಲ್ಲಿ ನಿಮ್ಮಮ್ಮನೂ ಇದಾಳೆ ಕಣೋ. ಕತ್ತರಿ ಕೊಡಿಲ್ಲಿ.”

ಕಟ್ಟಿದ್ದನ್ನೆಲ್ಲ ಕತ್ತರಿಸಿ, ರಾತ್ರಿಯಿಡೀ ಕೂತು ಪಿನ್ನಿನಿಂದ ಪಿನ್ನಿಗೆ ಹತ್ತಿರದ ದಾರಿಯಲ್ಲೇ ತಂತಿ ಹಾಯಿಸಿ, ಗುರುವಾರ ಬೆಳಿಗ್ಗೆ ಅವಳು ಹಲಗೆ ಒಪ್ಪಿಸಿದಾಗ ಅದು ಕಾಗೆಗೂಡಿನಂತಿತ್ತು. ಹಸು ಮಾತ್ರ ತೊಳೆದಿಟ್ಟಂತೆ ಸಾಗಿತು. ಬಂದವರು ಒಪ್ಪಿಕೊಂಡರು.

ಮರುವರ್ಷ ಉಗುರಿನಷ್ಟಗಲದ ನಿಜವಾದ ಚಿಪ್ಪು ಬಂತು. ಮಾದರಿ ಹಲಗೆಯ ಬಿಡಿಭಾಗಗಳು ಬೇರೆ ಕೆಲಸಕ್ಕೆ ಬೇಕಾಗಿದ್ದವು, ಅದನ್ನು ಬಿಚ್ಚಲೇಬೇಕಿತ್ತು. ಅದೇ ವಾರ ಲಾಜರೋ ಬೇರೆ ಊರಿನ ಕೆಲಸಕ್ಕೆ ಹೊರಟಿದ್ದ. ಆ ಕಾಗೆಗೂಡಿನ ಮೇಲೆ ಒಮ್ಮೆ ಕೈಯಾಡಿಸಿ, ತಂತಿ ಬಿಚ್ಚುವ ಕಡ್ಡಿಯನ್ನು ಅವಳ ಅಂಗೈಗಿಟ್ಟ.

“ನನ್ನ ಕೈಲಾಗಲ್ಲ ಚಿಕ್ಕಮ್ಮ, ನೀವೇ ಬಿಚ್ಚಿ. ಆದ್ರೆ ನನ್ನ ಕಾರು ಆ ತಿರುವು ದಾಟಲಿ, ಆಮೇಲೆ.”