ಮೂರು ನೀರು

ಅಪ್ಪನ ಮೂತ್ರ ಕೆಂಪಾಗಿ ಹೋಗುತ್ತಿದೆ ಎಂದು ನನಗೆ ಗೊತ್ತಾದದ್ದು ನಾಗರಪಂಚಮಿಯ ದಿನ. ಇಷ್ಟು ಖಚಿತ. ಅಕ್ಕ ಕೊರ್ಲಹಳ್ಳಿಯಿಂದ ತವರಿಗೆ ಬಂದಿದ್ದಳು. ಬೆಟಗೇರಿಯ ಮನೆಯ ಪಡಸಾಲೆಯಲ್ಲಿ ಮೂವರೂ ಉಂಡಿ ತಿನ್ನುತ್ತ ಕೂತಿದ್ದೆವು. ಅಪ್ಪ ಜೀವಮಾನವೆಲ್ಲ ಸೀರೆಯ ನೂಲಿಗೆ ಬಣ್ಣ ಹಾಕಿದವನು. ನೂಲಿನ ಲಡಿಗಳನ್ನು ಹಿಂಡುತ್ತಿದ್ದದ್ದೂ ಮೂತ್ರಕ್ಕೆ ಕೂರುತ್ತಿದ್ದದ್ದೂ ಬಚ್ಚಲಲ್ಲೇ. ಹಾಗಾಗಿ ಕಲ್ಲಿನ ಮೇಲೆ ಕೆಂಪು ಕಂಡಾಗಲೆಲ್ಲ ಅದನ್ನು ಬಣ್ಣದ ನೀರೆಂದೇ ನಂಬಿ ಒಂದು ಚೊಂಬು ನೀರು ಸುರಿದು ಬಂದಿದ್ದ. ಅಂದು ಮಾತ್ರ, "ವಾರಾತು, ಲಡಿ ತೊಳದಿಲ್ಲ. ಆದ್ರೂ ಕೆಂಪ ಐತಿ" ಎಂದ.

"ನಾಳೆನ ಡಾಕ್ಟರ್‌ಗೆ ತೋರ್ಸೂಣು" ಎಂದು ನಾನಂದೆ. ನನ್ನ ನೆನಪು ಹೀಗಿದೆ. ಅಕ್ಕನದು ಬೇರೆ. "ನೀ ನಕ್ಕಿ. ಹಳೇ ಬಣ್ಣ ಕಲ್ಲಿಗೆ ಹತ್ತೇತಿ ಬಿಡು ಅಂದಿ."

ಡಾಕ್ಟರಿಗೆ ತೋರಿಸಿದ್ದು ದೀಪಾವಳಿ ಮುಗಿದ ಮೇಲೆ. ನಡುವಿನ ತಿಂಗಳುಗಳಿಗೆ ನನ್ನ ನೆನಪಿನಲ್ಲಿ ಲೆಕ್ಕವಿಲ್ಲ. ನಾನು ಲಕ್ಷ್ಮೇಶ್ವರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ಕೆಲವು ಹಳೆಯ ಬಣ್ಣಗಳು ಮೂತ್ರಕೋಶಕ್ಕೆ ಕೇಡು ಎಂಬುದನ್ನು ವಿಶ್ವವಿದ್ಯಾಲಯದಲ್ಲೇ ಓದಿದ್ದೆ.

ಹುಬ್ಬಳ್ಳಿಯಲ್ಲಿ ದುರ್ಬೀನು ಹಾಕಿ ಮೂತ್ರಕೋಶದೊಳಗಿನ ಗಡ್ಡೆ ಕೆರೆದು ತೆಗೆದರು. ಕ್ಯಾನ್ಸರ್. ಸ್ನಾಯುವಿಗೆ ಇನ್ನೂ ಇಳಿದಿರಲಿಲ್ಲ. ಮುಂದಿನ ಚಿಕಿತ್ಸೆಯೆಂದರೆ, ಕೂಸುಗಳಿಗೆ ಕ್ಷಯ ಬಾರದಂತೆ ಹಾಕುವ ಬಿಸಿಜಿ ಲಸಿಕೆಯಲ್ಲಿರುವ ಜೀವಾಣುವನ್ನೇ ನಳಿಕೆಯಿಂದ ಮೂತ್ರಕೋಶಕ್ಕೆ ಬಿಡುವುದು, ವಾರಕ್ಕೊಮ್ಮೆ, ಆರು ವಾರ. ಅದು ಮೈಯ ಕಾವಲನ್ನು ಎಬ್ಬಿಸುತ್ತದೆ ಎಂದರು ಡಾಕ್ಟರು.

"ಖಾತ್ರಿ ಏನ್ರಿ?" ಅಪ್ಪ ಕೇಳಿದ.

"ಖಾತ್ರಿ ಇಲ್ಲ ಅಜ್ಜಾರ. ಮತ್ತ ಬರೂದು ಕಡಿಮಿ ಆಗ್ತದ. ಒಳಗ ಇಳೀತಂದ್ರ ಮೂತ್ರಕೋಶನ ತಗೀಬೇಕಾಗ್ತದ."

ಅಷ್ಟರಲ್ಲಿ ಅಕ್ಕ ತನ್ನೂರಿನ ಹೊಳೆದಂಡೆಯ ಹಿರಿಯರೊಬ್ಬರು ಕೊಟ್ಟ ಬೇರಿನ ಪುಡಿ ತಂದಳು. ನಲವತ್ತೊಂದು ದಿನದ ಕಷಾಯ. ಎರಡನ್ನೂ ಮಾಡೋಣವೆಂದರೆ ಡಾಕ್ಟರು ಬೇಡವೆಂದಿದ್ದರು. ಜ್ವರ ಬಂದರೆ ಯಾವುದರಿಂದ ಬಂತೆಂದು ತಿಳಿಯುವುದು ಹೇಗೆ?

"ನೀ ಕಲತಾಂವ. ಹೇಳು" ಎಂದ ಅಪ್ಪ.

ನಾನು ಬಾಯಿ ಬಿಡಲಿಲ್ಲ. ಪುಡಿಯನ್ನು ನಂಬಲಿಲ್ಲ, ನಿಜ. ಆದರೆ ಆಸ್ಪತ್ರೆಯ ಔಷಧದ ಪರ ಸಿಕ್ಕಸಿಕ್ಕದ್ದನ್ನೆಲ್ಲ ಅಷ್ಟು ಆತುರದಿಂದ ಓದುತ್ತಿದ್ದೆನಲ್ಲ, ಅದು ಅಪ್ಪನಿಗಾಗಿಯೋ ನನ್ನ ತಡ ಸಣ್ಣದಾಗಿ ಕಾಣಲಿ ಎಂದೋ?

"ಪಂಚಮಿ ದಿನ ಬಾಯಿ ಇತ್ತು ಪ್ರೊಫೆಸರ್ ಸಾಹೇಬ್ರಿಗೆ" ಎಂದಳು ಅಕ್ಕ.

ಅಪ್ಪ ಅವಳ ಕಡೆ ತಿರುಗಿದ. "ನಿಮ್ಮೂರ ಹಿರ್ಯಾರು ಖಾತ್ರಿ ಅಂದ್ರೇನವಾ?"

"ಹೂಂ, ಖಾತ್ರಿ ಅಂದಾರ."

ಬಣ್ಣದ ಕೆಲಸದಲ್ಲಿ ಅಪ್ಪನದೊಂದು ಕಟ್ಟುನಿಟ್ಟು ಇತ್ತು. ಹಂಡೆಯಿಂದ ತೆಗೆದ ಲಡಿಯನ್ನು ತೊಳೆದು ಒಣಗಿಸುತ್ತಿದ್ದ, ಬಣ್ಣ ನಿಲ್ಲುತ್ತದೋ ಬಿಡುತ್ತದೋ ನೋಡಲು ಮತ್ತೆ ತೊಳೆಯುತ್ತಿದ್ದ. ಹೀಗೆ ಮೂರು ನೀರು ಆಗುವವರೆಗೆ ನೇಕಾರರಿಗೆ ಆ ಬಣ್ಣದ ಬಗ್ಗೆ ಮಾತು ಕೊಡುತ್ತಿರಲಿಲ್ಲ.

"ಹಸೀ ಲಡಿ ಹಿಡಕೊಂಡು ಖಾತ್ರಿ ಅನ್ನಾವ್ರ ಕೈಯಾಗ ನಾ ನೂಲ ಕೊಟ್ಟಾಂವಲ್ಲ" ಎಂದ. "ಖಾತ್ರಿ ಇಲ್ಲ ಅಂದಾರಲ್ಲ, ಆ ಡಾಕ್ಟರ್ ಕಡೆ ಹೋಗೂಣು."

ಅಕ್ಕ ಪುಡಿಯ ಪೊಟ್ಟಣವನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಸಿಟ್ಟಿನಿಂದ ಊರಿಗೆ ಹೋಗುತ್ತಾಳೆಂದುಕೊಂಡೆ. ಹೋಗಲಿಲ್ಲ.

ಔಷಧ ಬಿಟ್ಟ ಮೇಲೆ ಎರಡು ತಾಸು ಮೂತ್ರ ತಡೆಯಬೇಕು. ಕಾಲು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು. ನಾನು ಗಡಿಯಾರ ನೋಡುತ್ತಿದ್ದೆ, ಅಕ್ಕ ಹೊರಳಿಸುತ್ತಿದ್ದಳು. ಮನೆಗೆ ಬಂದ ಮೇಲೆ ಅಪ್ಪ ಸಂಡಾಸಿಗೆ ಹೋಗಿ ಬಂದಾಗಲೆಲ್ಲ ಡಾಕ್ಟರು ಹೇಳಿದಂತೆ ಅವಳೇ ಬ್ಲೀಚಿಂಗ್ ಪುಡಿಯ ನೀರು ಸುರಿಯುತ್ತಿದ್ದಳು. "ಜನ್ಮೆಲ್ಲಾ ಬಣ್ಣ ಹಚ್ಚಿದೆ, ಈಗ ಮಗಳು ತಗೀತಾಳ ನೋಡು" ಎಂದು ಅಪ್ಪ ಮೊದಲ ವಾರ ನಕ್ಕಿದ್ದ.

ನಾಲ್ಕನೆಯ ವಾರ ನಗು ಇರಲಿಲ್ಲ. ಉರಿ, ಚಳಿಜ್ವರ. ಗೋಡೆ ಹಿಡಿದು ನಿಂತು, "ಸಾಕು ಮಾಡ್ರಿ" ಎಂದ. ಡಾಕ್ಟರು ಪರೀಕ್ಷಿಸಿ, ಒಂದು ವಾರ ಬಿಟ್ಟು ಮುಂದುವರಿಸಬಹುದು ಎಂದರು. ಆಗಲಿ, ಇಲ್ಲಿಗೇ ನಿಲ್ಲಿಸಿಬಿಡೋಣ ಎಂದು ನಾನು ಹೇಳುವವನಿದ್ದೆ.

"ಇನ್ನ ಎರಡ ಉಳದಾವ ಅಪ್ಪಾ" ಎಂದಳು ಅಕ್ಕ, ಪುಡಿ ತಂದವಳೇ. "ಎರಡ."

ಎರಡೂ ಆದವು. ಆಮೇಲೆ ದುರ್ಬೀನು ಹಾಕಿ ನೋಡಿದಾಗ ಒಳಗೆ ಸ್ವಚ್ಛವಾಗಿತ್ತು. ಸದ್ಯಕ್ಕೆ ಏನೂ ಇಲ್ಲ, ಮೂರು ತಿಂಗಳಿಗೆ ಮತ್ತೆ ಬನ್ನಿ ಎಂದರು.

ಬಸ್ಸಿನಲ್ಲಿ ಅಪ್ಪ ಕಿಟಕಿಯ ಪಕ್ಕ ಕೂತಿದ್ದ. ಅಣ್ಣಿಗೇರಿ ದಾಟುವಾಗ ಕೇಳಿಯೇ ಬಿಟ್ಟೆ. "ಅಪ್ಪಾ, ಪಂಚಮಿ ದಿನ ನಾ ಏನಂದಿದ್ದೆ?"

ಕಿಟಕಿಯ ಆಚೆ ನೋಡುತ್ತಲೇ ಹೇಳಿದ. "ನೀ ಏನಂದಿ ಅನ್ನೂದು ನೆನಪಿಲ್ಲ. ನೀ ಬಣ್ಣನ ಐತಿ ಅನ್ನಲಿ ಅಂತನ ನಾ ಅವತ್ತ ಹೇಳಿದ್ದು."

ಅವನಿಗೆ ನಿಜವಾಗಿ ನೆನಪಿರಲಿಲ್ಲವೋ, ನನಗಾಗಿ ಹಾಗೆ ಹೇಳಿದನೋ, ತಿಳಿಯಲಿಲ್ಲ. ಮತ್ತೆ ಕೇಳಲಿಲ್ಲ.

ಬೆಟಗೇರಿಯಲ್ಲಿ ಅಕ್ಕ ಬಾಗಿಲಲ್ಲೇ ನಿಂತಿದ್ದಳು. "ಏನಂದ್ರು?"

ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದ. "ಒಂದ ನೀರು ಆತವಾ" ಎಂದ.