ಕುದಿಸಿ ಆರಿಸಿದ ನೀರು

ಮೊದಲು ಮರಳು ಬಿದ್ದ ಹಾಗೆ ಅನಿಸಿತು. ಬಲಗಣ್ಣು ಉಜ್ಜಿದೆ. ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಕೆಂಪಡರಿ, ಬಿಸಿಲಿನತ್ತ ನೋಡಲಾಗದೆ ನೀರು ಸುರಿಯತೊಡಗಿತು. ನಮ್ಮ ಅಡುಗೆಯ ಯಮುನಕ್ಕ ನನ್ನ ಮುಖ ನೋಡಿ ಸೌಟು ಕೆಳಗಿಟ್ಟರು.

"ಬಾಯಮ್ಮ, ಇದು ಬರೀ ಕೆಂಗಣ್ಣಲ್ಲ. ಈಗಲೇ ಹೋಗಿ ತೋರಿಸಿ."

ಉಪ್ಪಳದಲ್ಲಿ ಎಲ್ಲರಿಗೂ ನಾನು ಬಾಯಮ್ಮ. ನಾನೂ ಗಂಡ ರಾಬರ್ಟನೂ ಮದುವೆಗಳಿಗೆ ಅಡುಗೆ ಮಾಡಿಕೊಡುತ್ತೇವೆ. ಇಡ್ಲಿಯಂಥ ಸನ್ನ ಬೇಯುವ ಹಬೆಗೆ ಕನ್ನಡಕ ಮಂಜಾಗುತ್ತದೆಂದು ಎರಡು ವರ್ಷದ ಹಿಂದೆ ಕಾಂಟ್ಯಾಕ್ಟ್ ಲೆನ್ಸ್ ಹಾಕತೊಡಗಿದ್ದೆ. ಆಮೇಲೆ ಗತ್ತಿನಲ್ಲೇ ಇದ್ದೆ.

ಕಾಸರಗೋಡಿನ ಡಾಕ್ಟರ್ ಕಣ್ಣಿಗೆ ಹಳದಿ ಬಣ್ಣ ತಾಗಿಸಿ ನೀಲಿ ಬೆಳಕಿನಲ್ಲಿ ನೋಡಿದರು.

ಕಾರ್ನಿಯಲ್ ಅಲ್ಸರ್. ಕಣ್ಣುಗುಡ್ಡೆಯ ಮೇಲೆ ಹುಣ್ಣು.

"ಲೆನ್ಸ್ ಎಂತದರಲ್ಲಿ ಇಡುವುದು ನೀವು?"

"ಸೊಲ್ಯೂಷನ್ ಮುಗಿದಿತ್ತು ಡಾಕ್ಟ್ರೇ. ನಾಲ್ಕು ದಿನ ಕುದಿಸಿ ಆರಿಸಿದ ನೀರಲ್ಲಿ ಇಟ್ಟೆ. ಜೀರಿಗೆ ಹಾಕುವ ಮೊದಲೇ ತೆಗೆದ ನೀರು."

ಜೀರಿಗೆಯ ಮಾತನ್ನು ಹೆಮ್ಮೆಯಿಂದಲೇ ಹೇಳಿದ್ದೆ. ನಮ್ಮ ಕಡೆ ಬಾವಿ ನೀರನ್ನು ಕುದಿಸಿ, ಜೀರಿಗೆ ಹಾಕಿಯೇ ಕುಡಿಯುವುದು. ಅದಕ್ಕಿಂತ ಶುದ್ಧವಾದದ್ದು ಬೇರೆ ಉಂಟೆಂದು ನನಗೆ ಹೊಳೆದೇ ಇರಲಿಲ್ಲ.

"ಕುಡಿಯಲಿಕ್ಕೆ ಒಳ್ಳೆಯದೇ. ಲೆನ್ಸಿಗೆ ಅಲ್ಲ. ಆರಿದ ಪಾತ್ರೆಗೆ ಒಂದು ಲೋಟ ಮುಳುಗಿಸಿದರೂ ಸಾಕು, ರೋಗಾಣು ಸೇರುತ್ತದೆ. ಲೆನ್ಸಿಗೆ ಯಾವ ನೀರೂ ತಾಗಬಾರದು."

"ಕಣ್ಣು ಉಳಿಯುತ್ತದಾ?" ರಾಬರ್ಟ್ ಕೇಳಿದ.

"ಹುಣ್ಣು ನಡುವಿಗೆ ಹರಡದಿದ್ದರೆ."

ಕೈ ತೊಳೆಯದೆ ತೆಂಗಿನಕಾಯಿ ಮುಟ್ಟಿದವರನ್ನು ಬಾಯಿಗೆ ಬಂದಂತೆ ಬೈಯುವವಳು ನಾನು. ಇಡೀ ಅಡುಗೆಮನೆಯಲ್ಲಿ ಅತಿ ಕೊಳಕು ಕೆಲಸ ಮಾಡಿದವಳೂ ನಾನೇ ಆಗಿದ್ದೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಗಂಟೆಗೊಮ್ಮೆ ಡ್ರಾಪ್ಸ್. ಹಗಲೂ ರಾತ್ರಿಯೂ. ರಾಬರ್ಟ್ ಮೊಬೈಲಿನಲ್ಲಿ ಅಲಾರಾಂ ಇಟ್ಟು, ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡು ಬರುತ್ತಿದ್ದ. ಮೊದಲ ರಾತ್ರಿ ಎಡಗಣ್ಣು ಮುಚ್ಚಿ ನೋಡಿದಾಗ ಬಲಗಣ್ಣಿಗೆ ಅವನು ಬರೀ ಬಿಳಿ ಅಂಗಿಯಾಗಿ ಕಂಡ, ತಲೆಯಿಲ್ಲದ ಅಂಗಿ. ಎರಡು ಮದುವೆಯ ಅಡುಗೆಯನ್ನು ಯಮುನಕ್ಕನೇ ನಿಭಾಯಿಸಿದರು. ನಾನು ಪರದೆ ಎಳೆದ ಕೋಣೆಯಲ್ಲಿ ಕುಳಿತು ಜಪಸರದ ಮಣಿ ಎಣಿಸಿದೆ. ಮತ್ತೊಮ್ಮೆ ಎಡಗಣ್ಣು ಮುಚ್ಚಿ ನೋಡುವ ಧೈರ್ಯ ಬರಲಿಲ್ಲ.

ಮೂರನೆಯ ವಾರ ಹುಣ್ಣು ಮಾಯುತ್ತಿದೆ ಎಂದರು. ಆರನೆಯ ವಾರ ಡಾಕ್ಟರ್ ನನಗೆ ಹಳೆಯ ಕನ್ನಡಕ ಹಾಕಿಸಿ, ಎಡಗಣ್ಣಿಗೆ ರಟ್ಟು ಅಡ್ಡ ಹಿಡಿದು, ಚಾರ್ಟ್ ಓದಿ ಎಂದರು.

ಮೇಲಿನ ಅಕ್ಷರ ಬಂತು. ಎರಡನೆಯ ಸಾಲು ಬಂತು. ಒಂದೊಂದೇ ಸಾಲು ಇಳಿದು ಕೊನೆಯದರ ಹಿಂದಿನ ಸಾಲಿಗೆ ಬಂದಾಗ ನನ್ನ ಸ್ವರ ಏರಿತ್ತು, ಹೊರಗೆ ಕಾಯುತ್ತಿದ್ದವರಿಗೂ ಕೇಳಿಸಿರಬೇಕು.

"ಸಾಕು, ಸಾಕು," ಡಾಕ್ಟರ್ ನಕ್ಕರು. "ಅಂಚಿನಲ್ಲಿ ಸಣ್ಣ ಕಲೆ ಉಳಿಯುತ್ತದೆ. ನೋಟಕ್ಕೆ ತೊಂದರೆ ಇಲ್ಲ. ಸದ್ಯಕ್ಕೆ ಕನ್ನಡಕವೇ ಇರಲಿ."

ಗೆದ್ದೆ! ದೇವರಿಗೂ ಡಾಕ್ಟರಿಗೂ ಯಮುನಕ್ಕನಿಗೂ ಮನಸ್ಸಿನಲ್ಲೇ ಕೈಮುಗಿದೆ. ಎಡಗಣ್ಣು ಮುಚ್ಚಿಕೊಂಡೇ ತಿರುಗಿದೆ. ಬಾಗಿಲ ಬಳಿ ಅಂಗಿಯ ಮೇಲೆ ರಾಬರ್ಟನ ಮುಖವಿತ್ತು.

"ಗಲ್ಲದಲ್ಲಿ ಮೂರು ಬಿಳಿ ಕೂದಲು ಬಿಟ್ಟಿದ್ದೀಯಲ್ಲ ಮಾರಾಯ!"

ಅವನು ಗಲ್ಲ ಸವರಿಕೊಂಡು ಅತ್ತುಬಿಟ್ಟ. ಆ ವಾರವಿಡೀ ಆ ಮೂರು ಕೂದಲನ್ನು ತೆಗೆಯಲು ನಾನು ಬಿಡಲಿಲ್ಲ.