ಸದ್ದು ಮಾಡದ ಕೊಬ್ಬರಿ ಕಾಯಿ

ಎರಡು ವರ್ಷದ ಹಿಂದೆ ನಾನು ಮದುವೆ ವಿಡಿಯೊ ತೆಗೆಯುವುದನ್ನು ಪೂರ್ತಿ ನಿಲ್ಲಿಸಿದೆ. ಕ್ಯಾಮೆರಾ ಹೊತ್ತು ನಿಂತು ನಿಂತು ಮಂಡಿ ಸೋತಿತ್ತು, ಕೊನೆಯ ಪಂಕ್ತಿಯಲ್ಲಿ ಆರಿದ ಊಟ ಉಂಡು ನಾಲಿಗೆಯೂ ಬೇಸತ್ತಿತ್ತು. ಆಗಿನಿಂದ ತಿಪಟೂರಿನ ನನ್ನ ಸ್ಟುಡಿಯೊ ಸಣ್ಣ ವ್ಯಾಪಾರದವರಿಗೆ ವಿಡಿಯೊ ಮಾಡಿಕೊಡುವ ಜಾಗವಾಯಿತು. ಸೀರೆ ಅಂಗಡಿಯವರು, ಎಣ್ಣೆ ಗಾಣದವರು, ತೆಂಗಿನ ಸಸಿ ಮಾರುವವರು, ಎಲ್ಲರಿಗೂ ವಾಟ್ಸಾಪ್‌ನಲ್ಲಿ ಕಳಿಸಲು ಒಂದು ನಿಮಿಷದ ವಿಡಿಯೊ ಬೇಕು. ಅದೂ ಇವತ್ತೇ ಬೇಕು.

ಆ ಅವಸರದಿಂದ ನನ್ನನ್ನು ಕಾಪಾಡಿದ್ದು ಎಐ. ಅವರವರೇ ಫೋನಿನಲ್ಲಿ ಚಿತ್ರೀಕರಿಸಿ ಕಳಿಸಿದರೆ ಸಾಕು, ಮುಂದಿನದನ್ನೆಲ್ಲ ನನ್ನ ಕಂಪ್ಯೂಟರಿನಲ್ಲಿ ಸಾಲಾಗಿ ಜೋಡಿಸಿಟ್ಟಿದ್ದೆ. ನಮ್ಮ ಕಸುಬಿನಲ್ಲಿ ಇದಕ್ಕೆ ವರ್ಕ್‌ಫ್ಲೋ ಎನ್ನುತ್ತಾರೆ. ಒಂದು ಸಾಫ್ಟ್‌ವೇರ್ ಚೆನ್ನಾಗಿರುವ ತುಣುಕುಗಳನ್ನು ಆರಿಸಿ ಅಂಟಿಸುತ್ತದೆ. ಇನ್ನೊಂದು ಫ್ಯಾನು, ಗಾಳಿ, ಗಾಡಿಗಳ ಗಲಾಟೆಯನ್ನು ತೊಳೆದು ಹಾಕುತ್ತದೆ. ಮತ್ತೊಂದು ಕನ್ನಡದ ಮಾತನ್ನು ಅವರದೇ ದನಿಯಲ್ಲಿ ಹಿಂದಿಗೆ ತಿರುಗಿಸುತ್ತದೆ. ಹಿನ್ನೆಲೆಗೆ ಒಂದಿಷ್ಟು ಕೊಳಲು ಸೇರಿ, ಮಾರುವವರ ಹೆಸರು ಬಿದ್ದರೆ ಮುಗಿಯಿತು. ಎರಡು ದಿನ ಹಿಡಿಯುತ್ತಿದ್ದ ಕೆಲಸ ಟೀ ಕುಡಿಯುವಷ್ಟರಲ್ಲಿ ಆಗುತ್ತಿತ್ತು. ಯಂತ್ರ ದುಡಿಯುತ್ತಿರಲು ನಾನು ಪೇಪರ್ ಓದುವ ಸುಖ ನನಗೆ ಚೆನ್ನಾಗಿಯೇ ಹಿಡಿಸಿತು. ಈಗಲೂ ಹಿಡಿಸುತ್ತದೆ, ಸುಳ್ಳೇಕೆ ಹೇಳಲಿ.

ಗಿರಿಜಮ್ಮ ನನ್ನಲ್ಲಿಗೆ ಬಂದದ್ದು ಆಗ. ನೊಣವಿನಕೆರೆ ಕಡೆಯವರು. ಗಂಡ ಹಾಲಿನ ಡೈರಿಯ ಕೆಲಸದಲ್ಲಿದ್ದುದರಿಂದ ಪಾಲಿಗೆ ಬಂದ ತೆಂಗಿನ ತೋಟವನ್ನು ನೋಡಿಕೊಳ್ಳುವವರು ಇವರೇ. ಆದರೆ ಕೊಬ್ಬರಿ ಮಾತ್ರ ಗಂಡನ ಅಣ್ಣ ಶಿವಣ್ಣನವರ ಮಾಲಿನ ಜೊತೆ, ಅವರ ಹೆಸರಿನಲ್ಲೇ ತಿಪಟೂರಿನ ಸಗಟು ಮಂಡಿಗೆ ಹೋಗುತ್ತಿತ್ತು. ಈ ಸಲ ತಾನೇ ಮಾರುತ್ತೇನೆಂದು ಗಿರಿಜಮ್ಮ ಹಟ ಹಿಡಿದಿದ್ದರು. ಇಂದೋರಿನ ಒಬ್ಬ ಸೇಠರ ನಂಬರು ಹೇಗೋ ಸಂಪಾದಿಸಿದ್ದರು. ಅವರು ವಿಡಿಯೊ ನೋಡಿ ಮಾಲು ಒಪ್ಪುವವರು.

"ಮಾರಿ ತೋರ್ಸು ನೋಡಣ ಅಂದವ್ರೆ ಭಾವ," ಎಂದರು ಗಿರಿಜಮ್ಮ. "ಆಗ್ಲಿಲ್ಲ ಅಂದ್ರೆ ಮುಂದಕ್ಕೆ ಬಾಯಿ ಮುಚ್ಕಂಡು ಅವ್ರ ಲಾಟಿಗೇ ಸೇರಿಸ್ಬೇಕು. ಚೆನ್ನಾಗಿ ಮಾಡ್ಕೊಡಿ ಅನ್ವರಣ್ಣ."

ನಮ್ಮ ಕಡೆಯ ಉಂಡೆ ಕೊಬ್ಬರಿಯ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು. ಬಲಿತ ಕಾಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಆಗಿದೆಯೋ ಇಲ್ಲವೋ ತಿಳಿಯಲು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಲೊಡಲೊಡ ಎಂದರೆ ಕೊಬ್ಬರಿ ಸಿದ್ಧ. ಸದ್ದಿಲ್ಲದಿದ್ದರೆ ಹಸಿ, ಇಲ್ಲವೇ ಕೊಳೆತು ಅಂಟಿಕೊಂಡದ್ದು.

ಗಿರಿಜಮ್ಮ ಅಟ್ಟ ಹತ್ತಿ, ನಾಲ್ಕು ಮಾತಾಡಿ, ಐದಾರು ಕಾಯಿ ಅಲ್ಲಾಡಿಸಿ ತೋರಿಸಿದ ತುಣುಕುಗಳನ್ನು ಕಳಿಸಿದರು. ವಿಡಿಯೊ ತಯಾರಾಯಿತು. ಅದನ್ನು ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ.

"ನಾನೇ ಹಿಂದಿ ಮಾತಾಡ್ದಂಗೈತಲ್ಲಣ್ಣ."

ಮನೆಯವರೆಲ್ಲ ನೋಡಿದರು. ಕೊಂಕು ಹುಡುಕಲೆಂದೇ ಕೂತಿದ್ದ ಶಿವಣ್ಣನವರೂ ನೋಡಿ ತಲೆದೂಗಿದರಂತೆ. ವಿಡಿಯೊ ಇಂದೋರಿಗೆ ಹೋಯಿತು.

ಮಾರನೆಯ ದಿನ ಗಿರಿಜಮ್ಮ ಸ್ಟುಡಿಯೊಗೆ ಬಂದು, ಫೋನನ್ನು ನನ್ನ ಕೈಗಿಟ್ಟು ಕೂತರು. ಸೇಠರು ಹಿಂದಿಯಲ್ಲಿ ಮಾತಾಡಿ ಕಳಿಸಿದ್ದರು. ಮನೆಯಲ್ಲಿ ಉರ್ದು ಆಡುವ ನನಗೆ ಅದು ಅರ್ಥವಾಗಲು ಕಷ್ಟವೇನಿರಲಿಲ್ಲ. ಅರ್ಥವಾದದ್ದೇ ಕಷ್ಟವಾಯಿತು. ಕಾಯಿ ಅಲ್ಲಾಡಿಸಿದ್ದೀರಿ, ಒಂದೂ ಸದ್ದು ಮಾಡಲಿಲ್ಲ, ಹಸಿ ಮಾಲು ನನಗೆ ಬೇಡ, ನಾನೂ ತಿಪಟೂರು ಕಂಡವನೇ ಎಂದಿದ್ದರು.

ಹೇಳಿದೆ. ಗಿರಿಜಮ್ಮನ ಮುಖ ಸಣ್ಣದಾಯಿತು.

"ಅಷ್ಟು ಒಣಗಿರೋ ಕಾಯಿ ಕಣಣ್ಣ. ಭಾವಂಗೆ ಏನಂತ ಹೇಳ್ಲಿ ಈಗ?"

ವಾಲ್ಯೂಮು ಜಾಸ್ತಿ ಮಾಡಿ ವಿಡಿಯೊ ಹಾಕಿದೆ. ಗಿರಿಜಮ್ಮ ಕಾಯಿ ಅಲ್ಲಾಡಿಸುತ್ತಿದ್ದಾರೆ, ಕೇಳುವುದು ಬರೀ ಕೊಳಲು. ಅವರು ಕಳಿಸಿದ್ದ ಮೂಲ ತುಣುಕಿನಲ್ಲಿ ಲೊಡಲೊಡ ಸೊಗಸಾಗಿತ್ತು. ಗಲಾಟೆ ತೊಳೆಯುವ ಸಾಫ್ಟ್‌ವೇರ್ ಅದನ್ನೂ ತೊಳೆದಿತ್ತು. ಕ್ಯಾಮೆರಾದೆದುರು ಆಡಿದ ಮಾತನ್ನು ಉಳಿಸಿಕೋ, ಮಿಕ್ಕದ್ದನ್ನು ಅಳಿಸು ಎಂದಷ್ಟೇ ಕಲಿತ ಯಂತ್ರ ಅದು. ಅದಕ್ಕೆ ಪಾಠ ಹೇಳಿದ ಊರಿನಲ್ಲಿ ಯಾರೂ ತೆಂಗಿನಕಾಯಿಯನ್ನು ಕಿವಿಗೆ ಹಿಡಿಯುವವರಿಲ್ಲ.

ಆದರೆ ನಮಗೇನಾಗಿತ್ತು? ಮತ್ತೆರಡು ಸಲ ಹಾಕಿ ನೋಡಿದ ಮೇಲೆ ಹೊಳೆಯಿತು. ನಮ್ಮ ಸೀಮೆಯವರಿಗೆ ಕಾಯಿ ಅಲ್ಲಾಡಿದ್ದು ಕಂಡರೆ ಸಾಕು, ಸದ್ದು ತಲೆಯೊಳಗೇ ಕೇಳಿಸಿಬಿಡುತ್ತದೆ. ಗಿರಿಜಮ್ಮ, ಅವರ ಭಾವ, ಮಂಡಿಯ ಬೀದಿಯಲ್ಲೇ ಬೆಳೆದ ನಾನು, ಎಲ್ಲರೂ ಇಲ್ಲದ ಸದ್ದನ್ನು ಕೇಳಿ ತಲೆದೂಗಿದ್ದೆವು.

ತೊಳೆಯುವ ಸಾಫ್ಟ್‌ವೇರನ್ನು ಬದಿಗಿಟ್ಟು, ಕೊಳಲನ್ನು ತೆಗೆದು, ಕಾಯಿ ಅಲ್ಲಾಡುವಾಗ ಮೂಲದ ಸದ್ದೇ ಇರುವಂತೆ ಹೊಸ ವಿಡಿಯೊ ಮಾಡಿದೆ. ಈಗ ಕೋಳಿ ಕೂಗೂ ಬಂತು, "ಏಣಿ ಹುಷಾರು ಕಣೇ" ಎಂದು ಕೆಳಗಿನಿಂದ ಗಿರಿಜಮ್ಮನ ಅತ್ತೆ ಗದರುವುದೂ ಬಂತು. ಅತ್ತೆಯ ಮಾತು ತೆಗೆದರೆ ಕಾಯಿಯ ಸದ್ದೂ ಹೋಗುತ್ತದೆ ಎಂದೆ. "ಇರ್ಲಿ ಬುಡಿ," ಎಂದರು ಗಿರಿಜಮ್ಮ.

ಸೇಠರು ಅದನ್ನೂ ಒಪ್ಪಲಿಲ್ಲ. ಮೊದಲು ಇಲ್ಲದ ಸದ್ದು ಈಗ ಎಲ್ಲಿಂದ ಬಂತು, ಎಐನಲ್ಲಿ ಸೇರಿಸಿದ್ದೀರಿ ಎಂದರು. ನನಗೆ ಸಿಟ್ಟು ಬಂತು. ಆದರೆ ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಅನ್ನುತ್ತಿದ್ದೆ. ನಾಳೆ ವಿಡಿಯೊ ಕಾಲ್ ಮಾಡುತ್ತೇವೆ, ನೀವು ಹೇಳಿದ ಕಾಯನ್ನೇ ಅಲ್ಲಾಡಿಸುತ್ತೇವೆ, ಒಂದು ಸಲ ಕೇಳಿಬಿಡಿ ಎಂದು ಬೇಡಿಕೊಂಡು ಒಪ್ಪಿಸಿದೆ.

ಬೆಳಿಗ್ಗೆ ಬಸ್ಸು ಹಿಡಿದು ಗಿರಿಜಮ್ಮನ ಮನೆಗೆ ಹೋಗಿ, ಸೋತ ಮಂಡಿಯಲ್ಲೇ ಅಟ್ಟ ಹತ್ತಿದೆ. ಸೇಠರು ಆ ಮೂಲೆಯದು, ಅದರ ಕೆಳಗಿನದು ಎಂದು ಆರಿಸುತ್ತ ಹೋದರು. ಅಲ್ಲೇ ಸಿಪ್ಪೆ ಸುಲಿದು ಗಿರಿಜಮ್ಮ ಅಲ್ಲಾಡಿಸಿದರು. ಅಷ್ಟರಲ್ಲಿ ಸೇಠರು ಫೋನನ್ನು ಕಿವಿಗೆ ಒತ್ತಿಕೊಂಡಿದ್ದರಿಂದ ನಮಗೆ ಪರದೆಯ ತುಂಬ ಅವರ ಕಿವಿಯೇ ಕಾಣುತ್ತಿತ್ತು. ಆ ಕಿವಿಯನ್ನು ನೋಡುತ್ತ ನಾವಿಬ್ಬರೂ ಕೂತಿದ್ದೆವು. ಕೊನೆಗೆ ಒಂದು ಕಾಯಿ ಒಡೆಸಿದರು. ಬೆಳ್ಳಗಿನ ಉಂಡೆ ಹೊರಳಿ ಬಂತು.

"ಏನಂದ್ರು?" ಎಂದರು ಗಿರಿಜಮ್ಮ.

"ಎಲ್ಲಾ ಒಡೆಸಿ, ಲಾರಿ ಕಳಿಸ್ತೀನಿ ಅಂದ್ರು."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ನನಗಾದ ಸಂತೋಷಕ್ಕೆ ಯಾವ ಮದುವೆಯ ಊಟವೂ ಸಾಟಿಯಿಲ್ಲ.

ಎಐ ಬಿಟ್ಟಿರಾ ಎಂದು ಕೇಳುವವರಿದ್ದಾರೆ. ಯಾಕೆ ಬಿಡಲಿ? ವರ್ಕ್‌ಫ್ಲೋಗೆ ಒಂದೇ ಒಂದು ಹೆಜ್ಜೆ ಸೇರಿಸಿದೆ. ಕೆಲಸ ಒಪ್ಪಿಕೊಳ್ಳುವ ಮೊದಲು, ನಿಮ್ಮ ಮಾಲಿನಲ್ಲಿ ಕೊಳ್ಳುವವರು ಏನನ್ನು ಪರೀಕ್ಷಿಸುತ್ತಾರೆ ಎಂದು ಕೇಳುತ್ತೇನೆ. ಅದನ್ನು ಯಂತ್ರ ಮುಟ್ಟದಂತೆ ಎತ್ತಿಟ್ಟು, ಉಳಿದದ್ದನ್ನು ಅದರ ಕೈಗೆ ಕೊಡುತ್ತೇನೆ. ಇಷ್ಟು ವರ್ಷದ ಕಸುಬು ಕಲಿಸದ್ದನ್ನು ಆ ಅಟ್ಟ ಕಲಿಸಿತು.

ಮುಂದಿನ ಕೊಬ್ಬರಿಯ ಕಾಲಕ್ಕೆ ಶಿವಣ್ಣನವರು ತಾವಾಗಿಯೇ ಸ್ಟುಡಿಯೊಗೆ ಬಂದರು. ಫೋನಿನಲ್ಲಿ ತಮ್ಮ ಅಟ್ಟದ ತುಣುಕುಗಳನ್ನು ತೋರಿಸಿ, ಸೇಠರಿಗೆ ಕಳಿಸಲು ತಮ್ಮದೂ ಒಂದು ವಿಡಿಯೊ ಆಗಬೇಕೆಂದರು. ಯಾರ ಹೆಸರು ಹಾಕಲಿ ಎಂದು ಕೇಳಿದೆ. ಅವರು ಬೀದಿಯ ಕಡೆ ಮುಖ ತಿರುಗಿಸಿದರು.

"ಗಿರಿಜಮ್ಮ ಅಂತ್ಲೇ ಹಾಕಿ. ಅಲ್ಲಿ ಗೊತ್ತಿರೋದು ಅವ್ಳ ಹೆಸ್ರೇ ಅಲ್ವಾ."